ಓದುಗರ ಪ್ರಶ್ನೆಗಳು: ಚಾಪೆಲಿನ ಪ್ರಸಂಗ, ಕುಗ್ಗಿದ ಮನಸ್ಸು

ಕ್ರೈಸ್ತ ಬೋಧಕರನ್ನು ತಯಾರು ಮಾಡುವ ಸೆಮಿನರಿಗಳ ಶಿಕ್ಷಣದ ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೆದ ನಾಲ್ಕು ಸಾಲಿನ ಉತ್ತರವೊಂದನ್ನು ಓದಿ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಂದ ಹಲವರು ಪತ್ರ ಬರೆದಿದ್ದಾರೆ. ಹೆಚ್ಚಿನವರು ಕೇಳಿರುವುದು ಒಂದೇ ವಿಷಯ: ಸೆಮಿನರಿಯ ಚಾಪೆಲಿನಲ್ಲಿ (ಆರಾಧನಾ ಮಂದಿರದಲ್ಲಿ) ನಡೆಯುವ ಪ್ರಸಂಗ, ಅಂದರೆ ಬೈಬಲಿನ ವಾಕ್ಯದ ಮೇಲಿನ ಬೋಧನೆ, ಯಾರಿಗಾಗಿ, ಅದರಿಂದ ಯಾರ ಮನಸ್ಸು ಗಟ್ಟಿಯಾಗಬೇಕು, ಆಗದಿದ್ದರೆ ಏನು ಮಾಡಬೇಕು? ಕ್ರೈಸ್ತರ ಒಂದು ಪಂಗಡವಾದ ಬ್ಯಾಪ್ಟಿಸ್ಟರ ಸೆಮಿನರಿಯೊಂದರಲ್ಲಿ ಮೊದಲು ವಿದ್ಯಾರ್ಥಿಯಾಗಿ, ಆಮೇಲೆ ಪ್ರಸಂಗ ಕಲಿಸುವ ಅಧ್ಯಾಪಕನಾಗಿ ಬಹಳ ವರ್ಷ ಆ ಬೆಂಚುಗಳ ಮೇಲೆ ಕುಳಿತವನು ನಾನು. ಈಗ ನಿವೃತ್ತನಾಗಿ ಬೆಳಗಾವಿಯಲ್ಲಿದ್ದೇನೆ. ಈ ತಿಂಗಳ ಅಂಕಣವನ್ನು ಪೂರ್ತಿಯಾಗಿ ಇದಕ್ಕೇ ಬಿಟ್ಟುಕೊಟ್ಟಿದ್ದೇನೆ. ಬರೆದವರ ಹೆಸರುಗಳನ್ನು ಕೈಬಿಟ್ಟು, ಪ್ರಶ್ನೆಗಳನ್ನು ಸಂಕ್ಷೇಪಿಸಿದ್ದೇನೆ.

ಪ್ರಶ್ನೆ: ನಾನು ಜಮಖಂಡಿ ತಾಲ್ಲೂಕಿನವನು. ಬೇರೆ ರಾಜ್ಯದ ಬ್ಯಾಪ್ಟಿಸ್ಟ್ ಸೆಮಿನರಿಯೊಂದರಲ್ಲಿ ಬಿ.ಡಿ. (ದೈವಶಾಸ್ತ್ರ ಪದವಿ) ಎರಡನೆಯ ವರ್ಷ ಓದುತ್ತಿದ್ದೇನೆ. ನಮ್ಮಲ್ಲಿ ವಿದ್ಯಾರ್ಥಿಗಳು ಸರದಿಯ ಮೇಲೆ ಚಾಪೆಲಿನಲ್ಲಿ ಹದಿನೈದು ನಿಮಿಷ ಇಂಗ್ಲಿಷಿನಲ್ಲಿ ಪ್ರಸಂಗ ಮಾಡಬೇಕು. ಮೂರು ವಾರ ಸಿದ್ಧತೆ ಮಾಡಿಕೊಂಡಿದ್ದರೂ ಆರನೆಯ ನಿಮಿಷಕ್ಕೆ ಮಾತು ನಿಂತುಹೋಯಿತು. ಉಳಿದದ್ದನ್ನು ಕಾಗದ ನೋಡಿ ಓದಿ ಇಳಿದುಬಂದೆ. ಮೆಸ್ಸಿನಲ್ಲಿ ಕೆಲವರು ನಕ್ಕರು. ಮುಂದಿನ ಸರದಿ ಜನವರಿಯಲ್ಲಿದೆ. ನನಗೆ ಈ ಸೇವೆಗೆ ದೇವರ ಕರೆಯೇ ಇಲ್ಲವೇನೋ ಎಂಬ ಅನುಮಾನ ಹತ್ತಿದೆ, ರಾತ್ರಿ ನಿದ್ದೆ ಬರುತ್ತಿಲ್ಲ. ಮನೆಯಲ್ಲಿ ಹೇಳಿಕೊಳ್ಳಲಾರೆ.

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಸಂಗತಿಗಳು ಒಂದಕ್ಕೊಂದು ತೊಡರಿಕೊಂಡಿವೆ, ಮೊದಲು ಅವನ್ನು ಬಿಡಿಸಿಕೊಳ್ಳಬೇಕು. ಆರನೆಯ ನಿಮಿಷಕ್ಕೆ ಮಾತು ನಿಂತದ್ದು ಒಂದು, ದೇವರು ಕರೆದಿದ್ದಾನೋ ಇಲ್ಲವೋ ಎಂಬುದು ಇನ್ನೊಂದು. ಮಾತು ನಿಲ್ಲುವುದಕ್ಕೆ ಅಭ್ಯಾಸ ಸಾಲದಿರುವುದು, ಪರಭಾಷೆ, ಹೆದರಿಕೆ ಇವೆಲ್ಲ ಕಾರಣವಾಗಬಹುದು. ಕರೆಯ ವಿಷಯ ಮಾತ್ರ ಒಂದು ಬೆಳಗಿನ ಹದಿನೈದು ನಿಮಿಷಗಳಲ್ಲಿ ತೀರ್ಮಾನವಾಗುವಂಥದ್ದಲ್ಲ, ನೀವೊಬ್ಬರೇ ಕೋಣೆಯ ಬಾಗಿಲು ಹಾಕಿಕೊಂಡು ತೀರ್ಮಾನಿಸುವಂಥದ್ದೂ ಅಲ್ಲ. ಬ್ಯಾಪ್ಟಿಸ್ಟರ ಪದ್ಧತಿಯಲ್ಲಿ ಒಬ್ಬನಿಗಿರುವ ವರವನ್ನು, ಅಂದರೆ ದೇವರು ಕೊಟ್ಟ ಬೋಧಿಸುವ ಶಕ್ತಿಯನ್ನು, ಸಭೆ (ಊರಿನ ವಿಶ್ವಾಸಿಗಳ ಸಮುದಾಯ) ಕೇಳಿ, ತೂಗಿ, ಒಪ್ಪಬೇಕು. ಅದಕ್ಕೆ ಕಾಲ ಹಿಡಿಯುತ್ತದೆ.

ವಿಲಿಯಂ ಕೇರಿಯವರ ಉದಾಹರಣೆ ನಿಮಗೆ ಗೊತ್ತಿರಬೇಕು, ಆದರೆ ಅದರ ಈ ಭಾಗವನ್ನು ಹೇಳುವವರು ಕಡಿಮೆ. ಪಾದರಕ್ಷೆ ಹೊಲಿದು, ಹಳ್ಳಿಯ ಮಕ್ಕಳಿಗೆ ಪಾಠ ಹೇಳಿ ಬದುಕುತ್ತಿದ್ದ ಕೇರಿ 1785ರ ಬೇಸಿಗೆಯಲ್ಲಿ ಇಂಗ್ಲೆಂಡಿನ ಓಲ್ನಿ ಎಂಬ ಊರಿನ ಬ್ಯಾಪ್ಟಿಸ್ಟ್ ಸಭೆಯ ಮುಂದೆ ಪರೀಕ್ಷೆಗಾಗಿ ಪ್ರಸಂಗ ಮಾಡಿದರು. ಸಭೆಗೆ ಅದು ಸಾಕೆನಿಸಲಿಲ್ಲ. ಈಗ ಬೋಧಿಸುತ್ತಿರುವ ಕಡೆಗಳಲ್ಲಿ ಬೋಧಿಸುತ್ತಿರಲಿ, ನಮ್ಮ ಮುಂದೆಯೂ ಇನ್ನು ಕೆಲವು ಸಲ ಬಂದು ನಿಲ್ಲಲಿ, ವರವನ್ನು ಮತ್ತಷ್ಟು ಪರೀಕ್ಷಿಸೋಣ ಎಂದು ಸಭೆಯವರು ತೀರ್ಮಾನ ಬರೆದಿಟ್ಟರು; ಒಪ್ಪಿಗೆ ಸಿಕ್ಕಿದ್ದು ಮರುವರ್ಷ, 1786ರಲ್ಲಿ. ಅದೇ ಮನುಷ್ಯ 1792ರ ಮೇ ತಿಂಗಳಲ್ಲಿ ನಾಟಿಂಗ್‌ಹ್ಯಾಮಿನಲ್ಲಿ ಯೆಶಾಯನ 54ನೆಯ ಅಧ್ಯಾಯದ ಮೇಲೆ ಮಾಡಿದ ಪ್ರಸಂಗ ಕೇಳಿದವರನ್ನು ಅಲುಗಿಸಿತು, ಅದೇ ಅಕ್ಟೋಬರಿನಲ್ಲಿ ಬ್ಯಾಪ್ಟಿಸ್ಟ್ ಮಿಷನರಿ ಸೊಸೈಟಿ ಹುಟ್ಟಿತು, 1793ರಲ್ಲಿ ಕೇರಿ ಬಂಗಾಳಕ್ಕೆ ಬಂದರು, 1818ರಲ್ಲಿ ಶ್ರೀರಾಂಪುರ ಕಾಲೇಜು ತೆರೆಯಿತು. ನಿಮ್ಮ ಸೆಮಿನರಿ, ಪದವಿ ಕೊಡುವ ಶ್ರೀರಾಂಪುರದ ಸೆನೆಟ್ಟಿಗೆ ಸೇರಿದ್ದಾದರೆ, ಪರೀಕ್ಷಾ ಪ್ರಸಂಗ ಸಾಲದೆಂದು ಹೇಳಿಸಿಕೊಂಡ ಒಬ್ಬರು ಕಟ್ಟಿದ ಸಂಸ್ಥೆಯ ಪದವಿಗಾಗಿಯೇ ನೀವು ಓದುತ್ತಿದ್ದೀರಿ. ಓಲ್ನಿಯವರು ಕೇರಿಗೆ ಬೇಡವೆನ್ನಲಿಲ್ಲ, ಇನ್ನೊಮ್ಮೆ ಬಾ ಎಂದರು. ಜನವರಿಯ ನಿಮ್ಮ ಸರದಿಯೂ ಅಷ್ಟೇ.

ನನ್ನ ಮೊದಲ ಸರದಿಯನ್ನು ನಾನು ಮರೆತಿಲ್ಲ. ವಾಕ್ಯಭಾಗ ಬೈಬಲಿನ ಮೊದಲನೆಯ ಅರಸುಗಳ ಪುಸ್ತಕದ 19ನೆಯ ಅಧ್ಯಾಯ, ಪ್ರವಾದಿ ಎಲೀಯನದು. ಹನ್ನೊಂದು ಹಾಳೆ ಬರೆದುಕೊಂಡು ಹೋಗಿದ್ದೆ. ಬೆವರಿದ ಕೈಗೆ ಎರಡು ಹಾಳೆಗಳು ಒಂದಕ್ಕೊಂದು ಅಂಟಿಕೊಂಡು, ಕರ್ಮೆಲ್ ಬೆಟ್ಟದಿಂದ ನೇರವಾಗಿ ಹೋರೇಬಿಗೆ ಹಾರಿದೆ, ನಡುವಿನ ಕಥೆಯೇ ತಪ್ಪಿಹೋಯಿತು, ಹೇಗೋ ಮುಗಿಸಿದೆ. ಯಾರೂ ಏನೂ ಅನ್ನಲಿಲ್ಲ. ಆ ಮೌನವೇ ನನ್ನನ್ನು ಹೆಚ್ಚು ಕುಗ್ಗಿಸಿತು. ಶನಿವಾರ ಮಧ್ಯಾಹ್ನ ಗದಗಿನ ಕಡೆಯವರಾದ ನಮ್ಮ ಅಧ್ಯಾಪಕರೊಬ್ಬರು ನನ್ನನ್ನು ಖಾಲಿ ಚಾಪೆಲಿಗೆ ಕರೆದೊಯ್ದು, ಹನ್ನೊಂದೂ ಹಾಳೆಗಳನ್ನು ಇಸಿದುಕೊಂಡು, ಕಟ್ಟಕಡೆಯ ಬೆಂಚಿನ ಮೇಲೆ ಕಿಟಕಿಯ ಪಕ್ಕ ಕುಳಿತರು. "ತಮ್ಮಾ, ಆ ಅಧ್ಯಾಯದಾಗ ಏನೈತಿ ಅಂತ ನಿಮ್ಮವ್ವಗ ಹೇಳಿದಂಗ ಹೇಳು. ನಾ ಕೇಳ್ತೀನಿ" ಎಂದರು. ನಾನು ಸ್ವಲ್ಪ ಹೊತ್ತು ಸುಮ್ಮನೆ ನಿಂತು, ಆಮೇಲೆ ಹೇಳಿದೆ: "ಎಲೀಯಗ ಸಾಕಾಗಿತ್ತು. ಸತ್ತರ ಸಾಕು ಅಂತ ಗಿಡದ ಬುಡಕ ಮಲಗಿದ. ದೇವರು ಬೈಲಿಲ್ಲ, ರೊಟ್ಟಿ ಕೊಟ್ಟ. ಮಾತಾಡಿದ್ದು ಆಮ್ಯಾಲ." ಅವರು ಹಾಳೆಗಳನ್ನು ನನಗೆ ಮರಳಿ ಕೊಟ್ಟು, "ಇಷ್ಟ ನೋಡು ಪ್ರಸಂಗ. ಇನ್ನ ಉಳಿದದ್ದು ಇದಕ್ಕ ಆಸರ" ಎಂದರು.

ಆ ನಡುವಿನ ಕಥೆಯನ್ನೇ, ಅಂದರೆ ನನ್ನಿಂದ ತಪ್ಪಿಹೋದ ಆ ಎರಡು ಹಾಳೆಗಳ ಭಾಗವನ್ನೇ, ಇವತ್ತು ನಿಮ್ಮ ಮುಂದೆ ಇಡುತ್ತಿದ್ದೇನೆ. ಕರ್ಮೆಲಿನ ಮೇಲೆ ಅಷ್ಟು ದೊಡ್ಡ ಜಯ ಕಂಡವನು ರಾಣಿ ಈಜೆಬೆಲಳ ಒಂದು ಬೆದರಿಕೆಯ ಮಾತಿಗೆ ಓಡಿಹೋಗಿ, ಬೇರ್ಷೆಬದಲ್ಲಿ ತನ್ನ ಸೇವಕನನ್ನು ಬಿಟ್ಟು, ಮರಳುಗಾಡಿನಲ್ಲಿ ಒಂದು ದಿನದ ದಾರಿ ನಡೆದು, ಒಂದು ಗಿಡದ ಕೆಳಗೆ ಸಾವನ್ನು ಬೇಡಿಕೊಂಡು ಮಲಗುತ್ತಾನೆ. ನಾನು ಚಿಕ್ಕಂದಿನಿಂದ ಓದಿದ ಕನ್ನಡ ಬೈಬಲಿನಲ್ಲಿ ಅದು ಜಾಲಿಗಿಡ. ಇಬ್ರಿಯ (ಹೀಬ್ರೂ) ಮೂಲದಲ್ಲಿರುವ ರೋತೆಮ್ ಬೇರೆಯೇ ಜಾತಿಯ ಮರುಭೂಮಿಯ ಪೊದೆ ಎಂದು ಆಮೇಲೆ ಕಲಿತೆ. ಆದರೂ ಇಂಡಿ, ಸಿಂದಗಿಯ ಬಿಸಿಲಿನಲ್ಲಿ ಜಾಲಿಯ ಹರಕು ನೆರಳಿಗೆ ನಿಂತವರಿಗೆ ಆ ಅನುವಾದ ಏನು ಹೇಳುತ್ತದೆ ಎಂದು ವಿವರಿಸಬೇಕಾಗಿಲ್ಲ. ದೇವದೂತ ಬಂದು ಅವನನ್ನು ತಟ್ಟಿ ಎಬ್ಬಿಸುತ್ತಾನೆ. ತಲೆಯ ಹತ್ತಿರ ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ತಿಂದು ಮತ್ತೆ ಮಲಗುತ್ತಾನೆ. ಮತ್ತೆ ಮಲಗಿದ್ದಕ್ಕೂ ಯಾರೂ ಗದರಿಸುವುದಿಲ್ಲ. ಎರಡನೆಯ ಸಲ ಎಬ್ಬಿಸಿದಾಗ, ನಿನ್ನ ಶಕ್ತಿಗೆ ಮೀರಿದ ದಾರಿ ಮುಂದಿದೆ ಎಂದು ದೂತನೇ ಹೇಳುತ್ತಾನೆ. ನಲವತ್ತು ದಿನ ನಡೆದು ಹೋರೇಬನ್ನು ಮುಟ್ಟಿದ ಮೇಲೆಯೇ ದೇವರ ಪ್ರಶ್ನೆ, ಆಮೇಲೆ ಹೊಸ ಕೆಲಸ, ಜೊತೆಗೊಬ್ಬ ಎಲೀಷ, ಮತ್ತು ನೀನೊಬ್ಬನೇ ಅಲ್ಲ, ಇನ್ನೂ ಏಳು ಸಾವಿರ ಜನರಿದ್ದಾರೆ ಎಂಬ ಮಾತು.

ಚಾಪೆಲಿನ ಪ್ರಸಂಗ ಏನು ಮಾಡಬೇಕೆಂಬುದು ನನಗೆ ಇಲ್ಲಿಂದಲೇ ತಿಳಿದದ್ದು. ಹೊಸ ಒಡಂಬಡಿಕೆಯಲ್ಲಿ ಧೈರ್ಯ ತುಂಬುವುದಕ್ಕೆ ಬಳಸುವ ಗ್ರೀಕ್ ಪದ ಪರಾಕ್ಲೇಸಿಸ್. ಪಕ್ಕಕ್ಕೆ ಕರೆಯುವುದು ಎಂಬುದು ಅದರ ಬೇರು. ಸಂತೈಸುವುದು, ಎಚ್ಚರಿಸುವುದು, ಹುರಿದುಂಬಿಸುವುದು ಮೂರೂ ಆ ಒಂದೇ ಪದದಲ್ಲಿವೆ. ಅಪೊಸ್ತಲರ ಕೃತ್ಯಗಳ 13ನೆಯ ಅಧ್ಯಾಯದಲ್ಲಿ ಸಭಾಮಂದಿರದ ಅಧಿಕಾರಿಗಳು ಬೋಧಕರಾದ ಪೌಲ ಬಾರ್ನಬರಿಗೆ ಪ್ರಸಂಗ ಮಾಡಿರೆಂದು ಹೇಳುವಾಗ ಬಳಸುವ ಮಾತು ಇದೇ: ಜನರಿಗೆ ಹೇಳುವ ಧೈರ್ಯದ ಮಾತೇನಾದರೂ ಇದ್ದರೆ ಹೇಳಿರಿ. ಇಬ್ರಿಯರಿಗೆ ಬರೆದ ಪತ್ರದ ಕೊನೆಯಲ್ಲಿ ಅದರ ಬರಹಗಾರನು ತನ್ನ ಇಡೀ ಪತ್ರವನ್ನು ಕರೆಯುವುದೂ ಇದೇ ಹೆಸರಿನಿಂದ. ಅಂದಮೇಲೆ ನೀವು ಆ ಮೆಟ್ಟಿಲು ಹತ್ತುವುದು ಅಂಕ ಪಡೆಯುವುದಕ್ಕಲ್ಲ. ಅಂಕದ ಹಾಳೆ ಅಧ್ಯಾಪಕರ ಕೈಯಲ್ಲಿರುತ್ತದೆ ನಿಜ, ಅದು ಅವರ ಕೆಲಸ. ನಿಮ್ಮ ಕೆಲಸ, ನಿನ್ನೆ ರಾತ್ರಿ ಹಾಸ್ಟೆಲಿನಲ್ಲಿ ಮನೆಯ ಸಾಲದ ಸುದ್ದಿ ಕೇಳಿ ಮಲಗಿದ ಒಬ್ಬನಿಗೆ, ಗ್ರೀಕ್ ಪರೀಕ್ಷೆಯಲ್ಲಿ ಫೇಲಾದ ಇನ್ನೊಬ್ಬನಿಗೆ ಆ ಬೆಳಿಗ್ಗೆ ಒಂದು ತುತ್ತು ರೊಟ್ಟಿ ಕೊಡುವುದು.

ಜನವರಿಗೆ ಸಿದ್ಧರಾಗುವ ಬಗೆಯನ್ನೂ ಹೇಳುತ್ತೇನೆ. ನಿಮ್ಮ ಓದನ್ನು ತೋರಿಸುವ ವಾಕ್ಯಭಾಗ ಬೇಡ. ಈ ನಾಲ್ಕು ತಿಂಗಳಲ್ಲಿ ನಿಮ್ಮನ್ನೇ ಎತ್ತಿ ನಿಲ್ಲಿಸಿದ ಒಂದನ್ನು ಆರಿಸಿಕೊಳ್ಳಿ. ಅದರ ತಿರುಳನ್ನು ಮೊದಲು ಮನೆಯ ಕನ್ನಡದಲ್ಲಿ ನಾಲ್ಕು ಮಾತಿನಲ್ಲಿ ಬರೆಯಿರಿ, ಆಮೇಲೆ ಚಿಕ್ಕ ಚಿಕ್ಕ ಇಂಗ್ಲಿಷ್ ವಾಕ್ಯಗಳಿಗೆ ತನ್ನಿ. ಇಂಗ್ಲಿಷಿನಲ್ಲೇ ಯೋಚಿಸಲು ಹೋದರೆ ನಿಮ್ಮ ಅರ್ಧ ಶಕ್ತಿ ವ್ಯಾಕರಣಕ್ಕೇ ಹೋಗುತ್ತದೆ. ಹದಿನೈದು ನಿಮಿಷ ಕೊಟ್ಟಿದ್ದರೆ ಹತ್ತಕ್ಕೆ ಮುಗಿಯುವಷ್ಟೇ ಇಟ್ಟುಕೊಳ್ಳಿ. ಕಾಗದದ ಮೇಲೆ ಐದಾರು ಪದಗಳಿದ್ದರೆ ಸಾಕು, ದಪ್ಪ ಅಕ್ಷರದಲ್ಲಿ. ಖಾಲಿ ಚಾಪೆಲಿನಲ್ಲಿ ಒಬ್ಬ ಗೆಳೆಯನನ್ನು ಕಡೆಯ ಬೆಂಚಿನಲ್ಲಿ ಕೂಡಿಸಿಕೊಂಡು ಮೂರು ಸಲ ಗಟ್ಟಿಯಾಗಿ ಹೇಳಿ, ಆದರೆ ಬಾಯಿಪಾಠ ಮಾಡಬೇಡಿ. ಮತ್ತೆ ಮಾತು ನಿಂತರೆ, ಕಾಗದ ಹುಡುಕದೆ ತೆರೆದ ಬೈಬಲಿಗೆ ಕಣ್ಣು ಹಾಕಿ ಆ ವಚನವನ್ನು ನಿಧಾನವಾಗಿ ಇನ್ನೊಮ್ಮೆ ಓದಿ. ಕೇಳುವವರಿಗೆ ಅದು ತಡವರಿಕೆಯಾಗಿ ಕಾಣುವುದಿಲ್ಲ, ನಿಮಗೆ ಉಸಿರು ಸಿಗುತ್ತದೆ.

ನಿದ್ದೆ ಬಾರದ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಲಂಡನ್ನಿನ ಬ್ಯಾಪ್ಟಿಸ್ಟ್ ಪ್ರಸಂಗಿ ಸ್ಪರ್ಜನ್ನರಿಗೆ 22 ವರ್ಷವಿದ್ದಾಗ, 1856ರ ಅಕ್ಟೋಬರ್ 19ರಂದು, ಸರ್ರೆ ಗಾರ್ಡನ್ಸ್ ಸಭಾಂಗಣದ ಅವರ ಕೂಟದಲ್ಲಿ ಯಾರೋ ಬೆಂಕಿ ಎಂದು ಸುಳ್ಳೇ ಕೂಗಿದ್ದರಿಂದ ನೂಕುನುಗ್ಗಲಾಗಿ ಏಳು ಜನ ಸತ್ತರು. ಆ ಆಘಾತ ಅವರನ್ನು ಕೊನೆಯವರೆಗೆ ಬಿಡಲಿಲ್ಲ. ಮನಸ್ಸು ಕತ್ತಲಾಗುವ ದಿನಗಳು ಅವರ ಬಾಳಿನಲ್ಲಿ ಮತ್ತೆ ಮತ್ತೆ ಬಂದವು. ತಾವು ಸ್ಥಾಪಿಸಿದ ಕಾಲೇಜಿನ ವಿದ್ಯಾರ್ಥಿಗಳಿಗೆ ಶುಕ್ರವಾರ ಮಧ್ಯಾಹ್ನ ಕೊಡುತ್ತಿದ್ದ ಉಪನ್ಯಾಸಗಳಲ್ಲಿ ಅವರು ಆ ಕುಗ್ಗುವಿಕೆಯನ್ನೂ ಮುಚ್ಚಿಡದೆ ಹೇಳಿದರು. ಪ್ರಾರ್ಥನೆ ಕಡಿಮೆಯಾದದ್ದರಿಂದಲೇ ಹೀಗಾಯಿತೆಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಎರಡು ವಾರದಲ್ಲಿ ನಿದ್ದೆ ಸರಿಹೋಗದಿದ್ದರೆ ವೈದ್ಯರನ್ನು ಕಾಣಿ, ನಿಮಗೆ ನಂಬಿಕೆಯಿರುವ ಒಬ್ಬ ಅಧ್ಯಾಪಕರಿಗೆ ಹೇಳಿ. ಮನೆಯಲ್ಲೂ ಹೇಳಿ. ನಿಮ್ಮನ್ನು ಸೆಮಿನರಿಗೆ ಕಳಿಸಿದವರಿಗೆ ನಿಮ್ಮ ಒಂದು ಪ್ರಸಂಗಕ್ಕಿಂತ ನೀವು ದೊಡ್ಡವರು.

ನಕ್ಕ ಗೆಳೆಯರೂ ಇದನ್ನು ಓದಬಹುದು. ಅವರ ಸರದಿ ಬಂದ ದಿನ ನೀವು ಮೊದಲ ಬೆಂಚಿನಲ್ಲಿ ಕುಳಿತು ಕೇಳಿರಿ.

ಪ್ರಶ್ನೆ: ನಮ್ಮದು ಬೆಳಗಾವಿಯ ಮೆಥೊಡಿಸ್ಟ್ ಕುಟುಂಬ. ತಂಗಿಗೆ ಬ್ಯಾಪ್ಟಿಸ್ಟ್ ಸೆಮಿನರಿಯಲ್ಲಿ ಪ್ರವೇಶ ಸಿಕ್ಕಿದೆ. ಅಲ್ಲಿನ ಚಾಪೆಲ್ ಅವಳಿಗೆ ಪರಕೀಯವೆನಿಸಬಹುದೇ?

ಉತ್ತರ: ಮೊದಲ ಕೆಲವು ವಾರ ಸ್ವಲ್ಪ ಅನಿಸಬಹುದು. ನಮ್ಮ ಭಾಗದಲ್ಲಿ ಬ್ಯಾಪ್ಟಿಸ್ಟರ ಬೇರು ಆಳವಾಗಿಲ್ಲ. ಬೆಳಗಾವಿಗೆ 1820ರಲ್ಲಿ ಬಂದದ್ದು ಲಂಡನ್ ಮಿಷನ್, ಅವರ ಕೆಲಸ ಆಮೇಲೆ ಮೆಥೊಡಿಸ್ಟರ ಕೈಗೆ ಬಂತು. ಗುಳೇದಗುಡ್ಡ, ವಿಜಯಪುರಗಳಲ್ಲಿ ಬಾಸೆಲ್ ಮಿಷನ್ನಿನವರಿದ್ದರು. ಹಾಗಾಗಿ ಅಚ್ಚಾದ ಆರಾಧನಾ ಕ್ರಮ, ಒಟ್ಟಾಗಿ ಹೇಳುವ ಪ್ರಾರ್ಥನೆ ನಮಗೆ ರೂಢಿ. ಬ್ಯಾಪ್ಟಿಸ್ಟರ ಚಾಪೆಲಿನಲ್ಲಿ ಸಾಮಾನ್ಯವಾಗಿ ಹಾಡು, ಸ್ವಂತ ಮಾತಿನ ಪ್ರಾರ್ಥನೆ, ಆಮೇಲೆ ಪ್ರಸಂಗ; ಎಲ್ಲವೂ ಪ್ರಸಂಗದ ಸುತ್ತ ನಿಂತಿರುತ್ತದೆ. ವಿಶ್ವಾಸಿಗಳೆಲ್ಲರೂ ಯಾಜಕರು ಎಂಬುದನ್ನು ಅವರು ಗಟ್ಟಿಯಾಗಿ ಹಿಡಿದವರಾದ್ದರಿಂದ ಇಂದು ಪ್ರಿನ್ಸಿಪಾಲರು ನಿಂತ ಜಾಗದಲ್ಲೇ ನಾಳೆ ಮೊದಲ ವರ್ಷದ ಹುಡುಗಿ ನಿಲ್ಲಬಹುದು. ಸೆಮಿನರಿ ಒಂದು ಸ್ಥಳೀಯ ಸಭೆಯಲ್ಲ ಎಂಬುದನ್ನು ಮಾತ್ರ ನಿಮ್ಮ ತಂಗಿಗೆ ಹೇಳಿ ಕಳಿಸಿ. ಚಾಪೆಲಿಗೆ ಹೋದೆನೆಂದು ಭಾನುವಾರದ ಸಭೆಯನ್ನು ಬಿಡುವ ವಿದ್ಯಾರ್ಥಿಗಳನ್ನು ಕಂಡಿದ್ದೇನೆ. ಒಂದೇ ವಯಸ್ಸಿನ, ಒಂದೇ ಓದಿನ ಜನರ ನಡುವೆ ಮೂರು ವರ್ಷ ಇದ್ದು, ಮುದುಕರ ಕೆಮ್ಮು, ಕೂಸುಗಳ ಅಳು ಕೇಳದೆ ಬೆಳೆದ ಪ್ರಸಂಗಿಗೆ ಊರಿನ ಸಭೆ ಆಮೇಲೆ ಕಷ್ಟವಾಗುತ್ತದೆ.

ಪ್ರಶ್ನೆ: ನಾನು ಗುಳೇದಗುಡ್ಡದವಳು. ಮಗ ಸೆಮಿನರಿಯಲ್ಲಿದ್ದಾನೆ. ಮೊದಮೊದಲು ಫೋನಿನಲ್ಲಿ ಆ ದಿನದ ವಾಕ್ಯವನ್ನು ಸಂತೋಷದಿಂದ ಹೇಳುತ್ತಿದ್ದ. ಈಗ, "ದಿನಾ ಚಾಪೆಲ್, ದಿನಾ ಬೈಬಲ್, ಒಳಗೆ ಏನೂ ಆಗೂದಿಲ್ಲವ್ವ" ಎನ್ನುತ್ತಾನೆ. ಅವನ ವಿಶ್ವಾಸವೇ ಹೋಗಿಬಿಡುತ್ತದೆಯೋ ಎಂದು ನನಗೆ ಭಯ. ನಾನು ಹೆಚ್ಚು ಓದಿದವಳಲ್ಲ. ಅವನಿಗೆ ಏನು ಹೇಳಲಿ?

ಉತ್ತರ: ತಾಯಿ, ಅವನು ನಿಮಗೆ ಅದನ್ನು ಹೇಳಿದ್ದೇ ಒಳ್ಳೆಯದಾಯಿತು. ಬಚ್ಚಿಟ್ಟುಕೊಂಡವರ ಬಗ್ಗೆ ನನಗೆ ಹೆಚ್ಚು ಚಿಂತೆ. ಸೆಮಿನರಿಯ ವಿದ್ಯಾರ್ಥಿಗೆ ಬೈಬಲ್ ಪಠ್ಯಪುಸ್ತಕವೂ ಆಗಿರುತ್ತದೆ. ಬೆಳಿಗ್ಗೆ ಚಾಪೆಲಿನಲ್ಲಿ ಕೇಳಿದ ಕೀರ್ತನೆಯನ್ನೇ ಹತ್ತು ಗಂಟೆಗೆ ಇಬ್ರಿಯ ಕ್ರಿಯಾಪದಗಳಾಗಿ ಬಿಡಿಸಬೇಕು, ಸಂಜೆ ಅದರ ಮೇಲೆ ನಾಲ್ಕು ಪುಟ ಬರೆದುಕೊಡಬೇಕು. ದಿನವಿಡೀ ಮಗ್ಗದ ಮುಂದೆ ಕೂತು ಖಣ ನೇಯ್ದವರಿಗೆ ಸಂಜೆಯ ಹೊತ್ತಿಗೆ ಅದರ ಬಣ್ಣ ಕಣ್ಣಿಗೆ ಹತ್ತುವುದಿಲ್ಲ. ನಿಮ್ಮ ಊರಿನಲ್ಲಿ ಇದನ್ನು ಬಲ್ಲವರು ಬಹಳ. ಬಣ್ಣ ಹೋಗಿಲ್ಲ, ಕಣ್ಣು ದಣಿದಿದೆ. ವಿಶ್ವಾಸ ಬತ್ತುವುದೂ ದಣಿಯುವುದೂ ಬೇರೆ ಬೇರೆ, ನಿಮ್ಮ ಮಗನ ಮಾತಿನಲ್ಲಿ ನನಗೆ ಕೇಳಿಸುತ್ತಿರುವುದು ದಣಿವು.

ಅವನಿಗೆ ಫೋನಿನಲ್ಲಿ ಬೋಧನೆ ಮಾಡಬೇಡಿ, ಅವನಿಗೆ ಅದು ಬೆಳಗಿನಿಂದ ಸಿಕ್ಕಿರುತ್ತದೆ. ಪೌಲನ ಬಾಳಿನಲ್ಲಿ ನಡೆದ ಒಂದು ಸಂಗತಿ ನಿಮಗೆ ಉಪಯೋಗವಾಗಬಹುದು. ಥೆಸಲೊನೀಕದ ಎಳೆಯ ಸಭೆಯ ಚಿಂತೆಯಲ್ಲಿ ಅವನು ತಿಮೊಥೆಯನನ್ನು ಅಲ್ಲಿಗೆ ಕಳಿಸಿದ್ದ. ತಿಮೊಥೆಯ ಮರಳಿ ಬಂದು, ಅವರು ನಂಬಿಕೆಯಲ್ಲಿ ನಿಂತಿದ್ದಾರೆ, ನಿನ್ನನ್ನು ನೋಡಲು ಹಂಬಲಿಸುತ್ತಿದ್ದಾರೆ ಎಂದು ತಿಳಿಸಿದಾಗ ಪೌಲ ಅವರಿಗೆ ಬರೆಯುತ್ತಾನೆ: ನೀವು ದೃಢವಾಗಿ ನಿಂತಿದ್ದೀರೆಂದು ಕೇಳಿದ ಮೇಲೆ ನಮಗೆ ಜೀವ ಬಂದಂತಾಯಿತು. ಮೊದಲ ಪತ್ರದ ಮೂರನೆಯ ಅಧ್ಯಾಯದಲ್ಲಿ ಇದು ಇದೆ. ಅಷ್ಟು ದೊಡ್ಡ ಪ್ರಸಂಗಿಗೆ ಧೈರ್ಯ ಬಂದದ್ದು ಪ್ರಸಂಗದಿಂದಲ್ಲ, ಊರಿನಿಂದ ಬಂದ ಸುದ್ದಿಯಿಂದ. ನೀವೂ ಸುದ್ದಿ ಹೇಳಿ. ಈ ಭಾನುವಾರ ಯಾರು ಬಂದಿದ್ದರು, ಯಾರ ಕಾಯಿಲೆ ವಾಸಿಯಾಯಿತು, ಅವನ ಹೆಸರು ಹೇಳಿ ಯಾರು ಪ್ರಾರ್ಥಿಸಿದರು, ನಿಮಗೆ ಯಾವ ಹಾಡು ಹಿಡಿಸಿತು, ಇಷ್ಟು ಸಾಕು. ಹೆಚ್ಚು ಓದಿದವಳಲ್ಲ ಎಂದು ಬರೆದಿದ್ದೀರಿ. ಅವನಿಗೆ ಈಗ ಬೇಕಾಗಿರುವುದು ಓದಿದವರ ಮಾತಲ್ಲ. ರಜೆಗೆ ಬಂದಾಗ ಮೊದಲ ಎರಡು ದಿನ ಉಂಡು ಮಲಗಲಿ, ಸಭೆಯಲ್ಲಿ ಪ್ರಸಂಗ ಮಾಡೆಂದು ಯಾರೂ ಒತ್ತಾಯಿಸದಂತೆ ನೋಡಿಕೊಳ್ಳಿ.

ಪ್ರಶ್ನೆ: ಕೂಗಿ ಬೋಧಿಸಿದರೆ ಮಾತ್ರ ಆತ್ಮನ ಬಲವಿದೆ, ಇಲ್ಲದಿದ್ದರೆ ಚಾಪೆಲಿನಲ್ಲಿ ಎಲ್ಲರೂ ನಿದ್ದೆ ಮಾಡುತ್ತಾರೆ ಎಂದು ಗೆಳೆಯರು ಹೇಳುತ್ತಾರೆ. ನಿಜವೇ? (ಗೋಕಾಕ)

ಉತ್ತರ: ನಿಜವಲ್ಲ. ಎಲೀಯನಿಗೆ ಹೋರೇಬಿನಲ್ಲಿ ಗಾಳಿ, ಭೂಕಂಪ, ಬೆಂಕಿ ಎಲ್ಲ ಕಳೆದ ಮೇಲೆ ಕೇಳಿಸಿದ್ದು ಮೆಲುದನಿ. ನಿದ್ದೆಯ ವಿಷಯಕ್ಕೆ ಬಂದರೆ, ತ್ರೋವದಲ್ಲಿ ಪೌಲನೇ ಮಧ್ಯರಾತ್ರಿಯವರೆಗೆ ಮಾತನಾಡಿದಾಗ ಕಿಟಕಿಯಲ್ಲಿ ಕುಳಿತಿದ್ದ ಯೂತಿಖನೆಂಬ ಹುಡುಗ ತೂಕಡಿಸಿ ಮೂರನೆಯ ಅಂತಸ್ತಿನಿಂದ ಬಿದ್ದ. ಪೌಲ ಪ್ರಸಂಗ ನಿಲ್ಲಿಸಿ ಕೆಳಗಿಳಿದು ಹೋಗಿ ಅವನನ್ನು ತಬ್ಬಿಕೊಂಡ. ಹುಡುಗ ಬದುಕಿದ್ದರಿಂದ ಜನರು ಬಹಳವಾಗಿ ಧೈರ್ಯಗೊಂಡರು ಎಂದು ಲೂಕ ಬರೆಯುತ್ತಾನೆ. ಮೇಲೆ ಹೇಳಿದ ಪರಾಕ್ಲೇಸಿಸ್ ಎಂಬುದರ ಕ್ರಿಯಾಪದವೇ ಅಲ್ಲಿಯೂ ಇದೆ. ಆ ರಾತ್ರಿಯ ಪ್ರಸಂಗದ ಒಂದು ಮಾತೂ ನಮಗೆ ಉಳಿದಿಲ್ಲ, ಕೆಳಗಿಳಿದು ಹೋದದ್ದು ಉಳಿದಿದೆ.

ಪ್ರಶ್ನೆ: ನಾನು ವಿಜಯಪುರದ ನಿವೃತ್ತ ಶಿಕ್ಷಕ, ಕ್ರೈಸ್ತನಲ್ಲ; ನಿಮ್ಮ ಅಂಕಣವನ್ನು ಆಸಕ್ತಿಯಿಂದ ಓದುತ್ತೇನೆ. ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮಿಗಳ ಪ್ರವಚನಗಳನ್ನು ವರ್ಷಗಟ್ಟಲೆ ಕೇಳಿದವನು. ಪ್ರವಚನಕ್ಕೂ ನಿಮ್ಮ ಚಾಪೆಲಿನ ಪ್ರಸಂಗಕ್ಕೂ ವ್ಯತ್ಯಾಸವೇನು? ಒಬ್ಬರಿಂದ ಇನ್ನೊಬ್ಬರು ಕಲಿಯುವುದು ಇದೆಯೇ?

ಉತ್ತರ: ಗುರುಗಳೇ, ಈ ಪ್ರಶ್ನೆ ಬಂದದ್ದು ನನಗೆ ಸಂತೋಷ. ಪೂಜ್ಯರು 2023ರ ಜನವರಿ 2ರಂದು ತೀರಿಕೊಂಡಾಗ ನಮ್ಮ ಮನೆಯಲ್ಲೂ ಆ ಸಂಜೆ ಬೇರೆ ಮಾತಿರಲಿಲ್ಲ. ವರ್ಷಗಳ ಹಿಂದೆ ಬೆಳಗಿನ ಅವರ ಪ್ರವಚನವೊಂದಕ್ಕೆ ಹೋಗಿ ಹಿಂದೆ ಕುಳಿತಿದ್ದೆ. ಜೇಬಿಲ್ಲದ ಆ ಬಿಳಿ ಅಂಗಿ, ಏರಿಳಿತವಿಲ್ಲದ ಮೆಲ್ಲನೆಯ ದನಿ, ಒಂದು ವಾಕ್ಯಕ್ಕೂ ಇನ್ನೊಂದಕ್ಕೂ ನಡುವೆ ಬಿಡುತ್ತಿದ್ದ ವಿರಾಮ. ಸಾವಿರಾರು ಜನ ಕೂತಿದ್ದರೂ ಹಕ್ಕಿಗಳ ಸದ್ದು ಕೇಳುತ್ತಿತ್ತು. ಪ್ರಸಂಗ ಕಲಿಸುವವನಾಗಿ ನಾನು ನನ್ನ ವಿದ್ಯಾರ್ಥಿಗಳಿಗೆ ಆ ವಿರಾಮದ ಬಗ್ಗೆ ಹೇಳಿದ್ದೇನೆ. ಹೇಳಿದ ಮಾತು ಕೇಳುವವನ ಒಳಗೆ ಇಳಿಯಲು ಹೊತ್ತು ಬೇಕು; ಆ ಹೊತ್ತನ್ನು ಕೊಡಲು ಧೈರ್ಯವಿಲ್ಲದವನೇ ಮಾತಿನ ಮೇಲೆ ಮಾತು ಪೇರಿಸುತ್ತಾನೆ. 2018ರಲ್ಲಿ ಅವರು ಪದ್ಮಶ್ರೀಯನ್ನು ನಯವಾಗಿ ಒಲ್ಲೆನೆಂದದ್ದೂ ಸೇವೆಗೆ ಹೊರಟ ಯಾವ ಮತದ ಯುವಕನೂ ನೆನಪಿಡಬೇಕಾದದ್ದು. ಬದುಕು ಮಾತಿಗೆ ಸಾಕ್ಷಿ ನಿಲ್ಲದಿದ್ದರೆ ಮಾತಿಗೆ ತೂಕ ಬರುವುದಿಲ್ಲ ಎಂಬುದು ಎರಡೂ ಕಡೆ ಒಂದೇ.

ವ್ಯತ್ಯಾಸವನ್ನೂ ಮುಚ್ಚಿಡದೆ ಹೇಳಬೇಕು. ನಾನು ಕೇಳಿದ ಮಟ್ಟಿಗೆ ಪ್ರವಚನ ಕೇಳುವವನನ್ನು ವಿಚಾರಕ್ಕೆ, ಒಳನೋಟಕ್ಕೆ ಕರೆದೊಯ್ಯುತ್ತದೆ. ಉಪನಿಷತ್ತು, ವಚನ, ನಿಸರ್ಗ ಎಲ್ಲವೂ ಅದಕ್ಕೆ ದಾರಿಗಳು. ಬ್ಯಾಪ್ಟಿಸ್ಟ್ ಪ್ರಸಂಗಿ ಒಂದು ವಾಕ್ಯಭಾಗಕ್ಕೆ ಕಟ್ಟುಬಿದ್ದವನು. ಅವನು ಹೇಳುವುದು ಮೊದಲು ಒಂದು ಸುದ್ದಿ, ಆಮೇಲೆ ವಿಚಾರ; ನಾವು ಅದನ್ನು ಸುವಾರ್ತೆ ಎನ್ನುವುದು ಅದಕ್ಕೇ. ದೇವರು ಕ್ರಿಸ್ತನಲ್ಲಿ ಇದನ್ನು ಮಾಡಿದ್ದಾನೆ ಎಂದು ಸಾರಿ, ಅದಕ್ಕೆ ನಿನ್ನ ಉತ್ತರವೇನು ಎಂದು ಕೇಳುತ್ತಾನೆ. ಸೆಮಿನರಿಯ ಚಾಪೆಲಿನಲ್ಲಿ ಇನ್ನೂ ಒಂದು ವಿಶೇಷವಿದೆ: ಕೇಳುವವರೆಲ್ಲ ನಾಳಿನ ಪ್ರಸಂಗಿಗಳು. ಅವರು ಮಾತನ್ನು ಕೇಳುವ ಬದಲು ಮಾತಿನ ಕಟ್ಟಡವನ್ನು ನೋಡುತ್ತ ಕೂರುವ ಅಪಾಯ ದಿನವೂ ಇರುತ್ತದೆ. ಹೀಗೆ ಹಸಿವಿಲ್ಲದೆ ಕುಳಿತವನಿಗೆ ಯಾವ ಅಡುಗೆಯೂ ರುಚಿಸುವುದಿಲ್ಲ. ನಿಮ್ಮಂಥ ಕೇಳುಗರು, ಅಂದರೆ ಟಿಪ್ಪಣಿ ಮಾಡಿಕೊಳ್ಳದೆ ಬೆಳಗಿನ ಚಳಿಯಲ್ಲಿ ನೆಲದ ಮೇಲೆ ಕುಳಿತು ವರ್ಷಗಟ್ಟಲೆ ಕೇಳಿದವರು, ನಮ್ಮ ಹುಡುಗರಿಗೆ ಕೇಳುವುದನ್ನು ಕಲಿಸಬಲ್ಲಿರಿ.

ಪ್ರಶ್ನೆ: ನಾನು ಸೆಮಿನರಿಯೊಂದರಲ್ಲಿ ಅಧ್ಯಾಪಕ, ಊರು ಬಾಗಲಕೋಟೆ. ಕಳೆದ ತಿಂಗಳು ನಮ್ಮ ವಿದ್ಯಾರ್ಥಿಯೊಬ್ಬನ ತಂದೆ ಹಠಾತ್ತನೆ ತೀರಿಕೊಂಡರು. ಸುದ್ದಿ ಬಂದದ್ದು ರಾತ್ರಿ. ಮರುದಿನ ಬೆಳಿಗ್ಗೆ ಚಾಪೆಲಿನಲ್ಲಿ ಪಟ್ಟಿಯಲ್ಲಿದ್ದಂತೆ ಕೊಡುಗೆ, ಉಳಿತಾಯದ ವಿಷಯವಾಗಿಯೇ ಪ್ರಸಂಗ ನಡೆಯಿತು. ಹುಡುಗ ಬೆಳಗಿನ ಬಸ್ಸಿಗಾಗಿ ಕಾಯುತ್ತ ಅಲ್ಲೇ ಕುಳಿತಿದ್ದ. ನನಗೆ ಇಂದಿಗೂ ಸಮಾಧಾನವಿಲ್ಲ. ಪ್ರಸಂಗವನ್ನು ಬದಲಿಸಬೇಕಿತ್ತೇ?

ಉತ್ತರ: ಬದಲಿಸಬೇಕಿತ್ತು. ಇದನ್ನು ನಿಮ್ಮನ್ನು ನೋಯಿಸಲು ಹೇಳುತ್ತಿಲ್ಲ. ನಿಮಗೆ ಸಮಾಧಾನವಿಲ್ಲದಿರುವುದೇ ನಿಮ್ಮ ಮನಸ್ಸು ಸರಿಯಾದ ಕಡೆ ಇದೆಯೆಂಬುದಕ್ಕೆ ಗುರುತು. ಪಟ್ಟಿ ನಮ್ಮ ಅನುಕೂಲಕ್ಕೆ ಮಾಡಿಕೊಂಡದ್ದು.

ಶ್ರೀರಾಂಪುರದ ಮುದ್ರಣಾಲಯಕ್ಕೆ 1812ರ ಮಾರ್ಚ್ 11ರ ಸಂಜೆ ಬೆಂಕಿ ಬಿತ್ತು. ಕಾಗದದ ರಾಶಿ, ಹಲವು ಲಿಪಿಗಳ ಅಚ್ಚಿನ ಮೊಳೆಗಳು, ವರ್ಷಗಳ ದುಡಿಮೆಯ ಹಸ್ತಪ್ರತಿಗಳು ಸುಟ್ಟುಹೋದವು. ಕೇರಿಯವರ ಕನ್ನಡ ಹೊಸ ಒಡಂಬಡಿಕೆಯ ಹಸ್ತಪ್ರತಿಯೂ ಅವುಗಳಲ್ಲಿ ಇತ್ತೆಂಬುದನ್ನು ಓದಿದಾಗ ಕನ್ನಡಿಗನಾದ ನನಗೆ ಬೇರೆಯದೇ ಸಂಕಟವಾಯಿತು. ಆ ರಾತ್ರಿ ಕೇರಿ ಕಲ್ಕತ್ತೆಯಲ್ಲಿದ್ದರು, ಅವರ ಜೊತೆಗಾರ ಮಾರ್ಷ್‌ಮನ್ ಮರುದಿನ ಹೋಗಿ ಸುದ್ದಿ ಮುಟ್ಟಿಸಿದರು. ಮುಂದಿನ ಭಾನುವಾರ ಕೇರಿ ಪ್ರಸಂಗಕ್ಕೆ ಆರಿಸಿಕೊಂಡದ್ದು 46ನೆಯ ಕೀರ್ತನೆಯ ಹತ್ತನೆಯ ವಚನ, ಸುಮ್ಮನಿದ್ದು ನಾನೇ ದೇವರೆಂದು ತಿಳಿದುಕೊಳ್ಳಿರಿ ಎಂಬ ಮಾತು. ನಮ್ಮನ್ನೂ ನಮ್ಮದನ್ನೂ ತನಗೆ ಸರಿಕಂಡಂತೆ ನಡೆಸುವ ಹಕ್ಕು ದೇವರದು, ಅದಕ್ಕೆ ತಲೆಬಾಗುವುದು ನಮ್ಮ ಪಾಲು ಎಂಬುದೇ ಅಂದಿನ ತಿರುಳು. ಇದರಲ್ಲಿ ನಾನು ಗಮನಿಸಬೇಕೆನ್ನುವುದು, ನಷ್ಟವಾದವರೇ ನಷ್ಟದ ವಾರದಲ್ಲಿ ಎದ್ದು ನಿಂತು ಅದರ ಬಗ್ಗೆಯೇ ವಾಕ್ಯ ತೆರೆದರು ಎಂಬುದು. ಏನೂ ಆಗಿಲ್ಲವೆಂಬಂತೆ ಬೇರೆ ವಿಷಯಕ್ಕೆ ಹೋಗಲಿಲ್ಲ. ಹಾಗೆಂದು ಅಲ್ಲೇ ಕೂಡಲೂ ಇಲ್ಲ: ಬೂದಿಯಲ್ಲಿ ಸಿಕ್ಕ ಅಚ್ಚುಗಳಿಂದ ಮತ್ತೆ ಮೊಳೆ ಎರಕ ಹೊಯ್ದರು, ಅನುವಾದಕ್ಕೆ ಮತ್ತೆ ಕೂತರು, 1817ರಲ್ಲಿ ಕೇರಿಯವರ ಕನ್ನಡ ವ್ಯಾಕರಣ ಅಚ್ಚಾಗಿ ಹೊರಬಂತು.

ಆದರೆ ಕೇರಿ ತಮ್ಮ ನಷ್ಟಕ್ಕೆ ತಾವೇ ಹೇಳಿಕೊಂಡ ಆ ವಚನವನ್ನು, ತಂದೆ ಸತ್ತ ಮರುದಿನ ಬೆಳಿಗ್ಗೆ ಬಸ್ಸಿಗೆ ಕಾಯುತ್ತ ಕುಳಿತ ಹುಡುಗನಿಗೆ ನಾವು ಹೇಳುವಂತಿಲ್ಲ. ಅದು ಅವನಾಗಿಯೇ ಎಂದಾದರೂ ತಲುಪಬೇಕಾದ ಮಾತು. ಅಂಥ ಬೆಳಿಗ್ಗೆ ಪ್ರಸಂಗಿ ಪಟ್ಟಿಯ ವಿಷಯವನ್ನು ಪಕ್ಕಕ್ಕಿಟ್ಟು, ಸತ್ತ ಗೆಳೆಯ ಲಾಜರನ ಗೋರಿಗೆ ಹೋಗುವಾಗ ಯೇಸು ಅತ್ತದ್ದನ್ನು ಓದಿ, ಹುಡುಗನ ಹೆಸರನ್ನೂ ಅವನ ತಂದೆಯ ಹೆಸರನ್ನೂ ಹೇಳಿ ಪ್ರಾರ್ಥಿಸಿ, ಐದು ನಿಮಿಷಕ್ಕೆ ಮುಗಿಸಿದರೆ ಸಾಕಿತ್ತು. ಉಳಿದ ಹೊತ್ತಿನಲ್ಲಿ ಇಬ್ಬರು ಅವನ ಜೊತೆ ಬಸ್ ನಿಲ್ದಾಣಕ್ಕೆ ಹೋಗಬಹುದಿತ್ತು.

ಈಗಲೂ ತಡವಾಗಿಲ್ಲ. ಅವನು ಊರಿನಿಂದ ಮರಳಿದ್ದರೆ ಕರೆದು, ಆ ದಿನ ನಮ್ಮಿಂದ ತಪ್ಪಾಯಿತೆಂದು ನೇರವಾಗಿ ಹೇಳಿ. ಅಧ್ಯಾಪಕರು ಹಾಗೆ ಹೇಳಿದ್ದನ್ನು ವಿದ್ಯಾರ್ಥಿ ಮರೆಯುವುದಿಲ್ಲ. ಅವನ ತಂದೆಯ ಬಗ್ಗೆ ಕೇಳಿ, ಅವನು ಹೇಳುವಷ್ಟು ಹೊತ್ತು ಕೇಳಿಸಿಕೊಳ್ಳಿ. ಚಾಪೆಲಿನ ಪಟ್ಟಿಯಲ್ಲಿ ಅವನ ಸರದಿ ಹತ್ತಿರದಲ್ಲಿದ್ದರೆ ನೀವೇ ತೆಗೆದುಹಾಕಬೇಡಿ. ಮೊದಲು ಅವನನ್ನು ಕೇಳಿ. ಬೇಡವೆಂದರೆ ಮುಂದೂಡಿ, ನಿಲ್ಲುತ್ತೇನೆ ಎಂದರೆ ನಿಲ್ಲಲು ಬಿಟ್ಟು, ಆ ಬೆಳಿಗ್ಗೆ ಅವನಿಗೆ ಕಾಣುವಂತೆ ಎದುರಿನಲ್ಲೇ ಕುಳಿತುಕೊಳ್ಳಿ.